ಗೃಹಸ್ಥರ ವಿಚಾರ: ಅನಿಲದ ಉರಿಯೋ, ಉಷ್ಣದ ಏತವೋ?

ಚಳಿದೇಶಗಳಲ್ಲಿ ಸಂಸಾರ ಹೂಡಿರುವ ನಮ್ಮವರಿಗೆ ಮನೆಯನ್ನು ಬೆಚ್ಚಗಿಟ್ಟುಕೊಳ್ಳುವುದು ಅನ್ನವಸ್ತ್ರಗಳಷ್ಟೇ ಮುಖ್ಯವಾದ ಗೃಹಕೃತ್ಯವಾಗಿರುತ್ತದೆ. ನಮ್ಮಲ್ಲಿಯ ಮಾಗಿಯ ಚಳಿ ಒಂದು ಕಂಬಳಿಗೂ ಒಂದು ಲೋಟ ಬಿಸಿ ಕಾಫಿಗೂ ಅಂಜಿ ಓಡತಕ್ಕದ್ದು. ಅಲ್ಲಿಯ ಚಳಿಯಾದರೋ ಅಕ್ಟೋಬರಿನಲ್ಲಿ ಅತಿಥಿಯಂತೆ ಬಂದು ಏಪ್ರಿಲ್ಲಿನವರೆಗೂ ಯಜಮಾನನಂತೆ ಕುಳಿತಿರುವುದು. ಹೀಗಿರಲು, ಈ ವಿಷಯದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಇಂಗ್ಲೆಂಡಿನ ಲೆಸ್ಟರ್ ನಗರದಿಂದ ಬರೆದಿರುವ ಪತ್ರವನ್ನು ಈ ತಿಂಗಳ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಪತ್ರದ ಸಾರಾಂಶ ಇಷ್ಟು. ಅವರ ಮನೆಯಲ್ಲಿ ಅನಿಲದಿಂದ ಉರಿಯುವ ಬಾಯ್ಲರು ಒಂದಿದೆ. ಅದು ನೀರನ್ನು ಕಾಯಿಸಿ, ಕೋಣೆ ಕೋಣೆಯ ಗೋಡೆಗೂ ತಗುಲಿಸಿರುವ ರೇಡಿಯೇಟರುಗಳಿಗೆ ಹರಿಸುವುದು. ಅದಕ್ಕೆ ಹದಿನಾರು ವರ್ಷ ವಯಸ್ಸಾಯಿತು. ಕಳೆದ ಚಳಿಗಾಲದಲ್ಲಿ ಎರಡು ಬಾರಿ ನಿಂತುಹೋಯಿತು. ಮುಂದಿನ ಚಳಿಗೆ ಮೊದಲು ಬೇರೆ ಏರ್ಪಾಡು ಆಗಲೇಬೇಕು. ವಿದ್ಯುಚ್ಛಕ್ತಿಯಿಂದ ನಡೆಯುವ ಹೀಟ್ ಪಂಪ್ ಎಂಬ ಯಂತ್ರವನ್ನು ಹಾಕಿಸೋಣವೆಂದು ಅವರ ಅಭಿಪ್ರಾಯ. ಅಗ್ಗವಾದ ಅನಿಲವನ್ನು ಬಿಟ್ಟು ತುಟ್ಟಿಯಾದ ವಿದ್ಯುತ್ತಿಗೆ ಕೈ ಹಾಕುವುದೇಕೆಂದು ಅವರ ಧರ್ಮಪತ್ನಿಯ ಆಕ್ಷೇಪಣೆ. ಆ ಯಂತ್ರ ಹಾಕಿಸಿದ ಮನೆ ಎಂದಿಗೂ ಉಗುರುಬೆಚ್ಚಗೇ ಉಳಿಯುವುದೆಂದು ನೆರೆಯವರ ಉಪದೇಶ. ಇವರೆಲ್ಲರ ನಡುವೆ, ಎಪ್ಪತ್ತು ದಾಟಿದ, ಹಾಸನದ ಸೀಮೆಯಿಂದ ಹೋಗಿ ಮಗನ ಮನೆಯಲ್ಲಿರುವ ತಾಯಿ, ಶಾಲು ಹೊದ್ದು ಕಿಟಕಿಯ ಬಳಿ ಕುಳಿತಿದ್ದಾರೆ. "ಮೇಷ್ಟ್ರೇ, ತಾವು ನ್ಯಾಯ ಹೇಳಬೇಕು" ಎಂದು ಪತ್ರ ಮುಗಿದಿದೆ.

ನ್ಯಾಯ ಹೇಳುವ ಮೊದಲು, ವಾದವಿರುವುದು ಬರಿಯ ಹಣದ ಮೇಲಲ್ಲವೆಂಬುದನ್ನು ತಿಳಿಯತಕ್ಕದ್ದು. ಚಳಿದೇಶಗಳಲ್ಲಿ ಮನೆಯೊಳಗಿನ ಉಷ್ಣತೆ 18 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2018ರಲ್ಲಿ ವಿಧಿಸಿದ್ದಾರೆ. ವೃದ್ಧರಿಗೂ ಶಿಶುಗಳಿಗೂ ರೋಗಿಗಳಿಗೂ ಇನ್ನೂ ಹೆಚ್ಚು ಬೇಕಾಗಬಹುದು. ತಣ್ಣಗಿರುವ ಮನೆಯಲ್ಲಿ ರಕ್ತದ ಒತ್ತಡ ಏರುವುದು, ಶ್ವಾಸಕೋಶದ ಬೇನೆ ಹೆಚ್ಚುವುದು. ಆದುದರಿಂದ ಯಾವ ಏರ್ಪಾಡು ಆ ತಾಯಿಯ ಕೋಣೆಯನ್ನು ಬೆಳಗಿನ ಜಾವದಲ್ಲಿಯೂ ಬೆಚ್ಚಗಿಟ್ಟು, ಮಗನು ಬಿಲ್ಲಿಗೆ ಹೆದರಿ ಗುಂಡಿ ಆರಿಸದಂತೆ ಮಾಡುವುದೋ ಅದೇ ಉತ್ತಮವಾದ ಏರ್ಪಾಡು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಪಕ್ಷಗಳನ್ನೂ ನೋಡೋಣ.

ಮೊದಲನೆಯದು ಅನಿಲಪಕ್ಷ. ಬ್ರಿಟನ್ನಿನ ಮನೆಗಳಲ್ಲಿ ಹಿಂದೆ ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲವು ಉರಿಯುತ್ತಿತ್ತು. 1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲವು ಸಿಕ್ಕಿತು. 1967ರಿಂದ ಹತ್ತು ವರ್ಷಗಳ ಕಾಲ ಮನೆಮನೆಗೂ ಕೆಲಸಗಾರರು ಹೋಗಿ ಒಲೆಗಳನ್ನೂ ಬಾಯ್ಲರುಗಳನ್ನೂ ಹೊಸ ಅನಿಲಕ್ಕೆ ಹೊಂದುವಂತೆ ಬದಲಾಯಿಸಿದರು. ಅಂದಿನಿಂದ ಅದು ಆ ದೇಶದ ಮನೆಗಳ ಅಗ್ನಿಯಾಗಿಬಿಟ್ಟಿತು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ನೂರಕ್ಕೆ ಸುಮಾರು 74 ಮನೆಗಳು ಕೊಳವೆಯ ಅನಿಲವೊಂದರಿಂದಲೇ ಬೆಚ್ಚಗಾಗುತ್ತಿದ್ದುವು. ಒಳ್ಳೆಯ ಬಾಯ್ಲರಿಗೆ ನೂರು ಪಾಲು ಅನಿಲ ಕೊಟ್ಟರೆ ತೊಂಬತ್ತು ಪಾಲಿನಷ್ಟು ಉಷ್ಣ ಮನೆಗೆ ಬರುವುದು. ಉಳಿದದ್ದು ಹೊಗೆನಳಿಗೆಯಲ್ಲಿ ಹೊರಟುಹೋಗುವುದು. ಎಷ್ಟೇ ಜಾಣತನದಿಂದ ಮಾಡಿದರೂ ನೂರು ಕೊಟ್ಟು ನೂರಕ್ಕಿಂತ ಹೆಚ್ಚನ್ನು ಪಡೆಯುವುದು ಉರಿಯಿಂದ ಸಾಧ್ಯವಿಲ್ಲ.

ಎರಡನೆಯದು ಹೀಟ್ ಪಂಪಿನ ಪಕ್ಷ. ಇದು ಒಂದು ಪಾಲು ವಿದ್ಯುತ್ತನ್ನು ತಿಂದು ಮೂರು ನಾಲ್ಕು ಪಾಲು ಉಷ್ಣವನ್ನು ಕೊಡುವುದೆಂದು ಹೇಳಿದರೆ ಕೇಳಿದವರು ಇಂದ್ರಜಾಲವೆಂದಾರು. ಇಂದ್ರಜಾಲವೇನೂ ಇಲ್ಲ. ನಮ್ಮ ತಾರ್ಕಿಕರು ಉಷ್ಣಸ್ಪರ್ಶವನ್ನು ತೇಜಸ್ಸಿಗೆ ಮಾತ್ರ ಮೀಸಲಿಟ್ಟು, ನೀರಿಗೆ ಶೀತಸ್ಪರ್ಶವನ್ನೂ ವಾಯುವಿಗೆ ಉಷ್ಣವೂ ಶೀತವೂ ಅಲ್ಲದ ಸ್ಪರ್ಶವನ್ನೂ ಹೇಳಿದರು. ಇಂದಿನ ಭೌತಶಾಸ್ತ್ರವಾದರೋ ಹಿಮಗಟ್ಟುವ ಗಾಳಿಯಲ್ಲಿಯೂ ಉಷ್ಣವಿದೆಯೆನ್ನುವುದು. ಶೂನ್ಯ ಡಿಗ್ರಿಯ ಗಾಳಿಯು ನಮ್ಮ ಕೈಗೆ ತಣ್ಣಗಿದ್ದರೂ, ಉಷ್ಣದ ಪರಮಾವಧಿ ತಳಕ್ಕಿಂತ ಅದು 273 ಡಿಗ್ರಿ ಮೇಲಿರುವುದು. ಉಷ್ಣಕ್ಕೆ ಕೊರತೆಯಿಲ್ಲ, ಅದು ಕೆಳಮಟ್ಟದಲ್ಲಿದೆ, ಅಷ್ಟೆ. ನೀರು ತಗ್ಗಿಗೆ ಹರಿಯುವಂತೆ ಉಷ್ಣವೂ ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಹರಿಯುವುದೇ ಹೊರತು ಹಿಂದಕ್ಕೆ ಬಾರದು. ಹಿಂದಕ್ಕೆ ತರಬೇಕಾದರೆ ಎತ್ತಬೇಕು. ನಮ್ಮ ರೈತನು ಏತ ಹೊಡೆಯುವಾಗ ನೀರನ್ನು ಸೃಷ್ಟಿಸುವನೇ? ಇಲ್ಲ, ಕೆಳಗಿರುವುದನ್ನು ಮೇಲಕ್ಕೆ ತರುವನು. ಹಾಗೆಯೇ ಈ ಯಂತ್ರವು ಉಷ್ಣವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುವುದು. ಆದಕಾರಣ ಇದನ್ನು ನಾವು ಉಷ್ಣದ ಏತವೆಂದು ಕರೆಯುತ್ತೇವೆ.

ಎತ್ತುವ ಬಗೆ ಹೀಗಿದೆ. ಯಂತ್ರದೊಳಗಿನ ಕೊಳವೆಯಲ್ಲಿ ಬಹಳ ಕಡಿಮೆ ಉಷ್ಣದಲ್ಲಿಯೇ ಕುದಿಯುವ ದ್ರವವೊಂದು ಸುತ್ತುತ್ತಿರುವುದು. ಈಚಿನ ಅನೇಕ ಯಂತ್ರಗಳಲ್ಲಿ ಹಾಕುವ ಪ್ರೋಪೇನ್, ಸಾಧಾರಣ ವಾಯುಭಾರದಲ್ಲಿ ಶೂನ್ಯಕ್ಕಿಂತ 42 ಡಿಗ್ರಿ ಕೆಳಗೇ ಕುದಿಯತಕ್ಕದ್ದು. ಹೊರಗಿನ ಚಳಿಗಾಳಿಯೇ ಅದಕ್ಕೆ ಒಲೆಯಾಗಿ, ಅದು ಆವಿಯಾಗುವುದು. ಆ ಆವಿಯನ್ನು ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರು ಒತ್ತಿದಾಗ ಅದರ ಉಷ್ಣತೆ ಏರುವುದು; ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಮುಟ್ಟಿ ನೋಡದವರಾರು? ಆ ಬಿಸಿಯಾವಿ ಮನೆಯ ನೀರಿಗೆ ತನ್ನ ಉಷ್ಣವನ್ನು ಕೊಟ್ಟು ಮತ್ತೆ ದ್ರವವಾಗುವುದು; ಒತ್ತಡ ಇಳಿದೊಡನೆ ತಣ್ಣಗಾಗಿ ಪುನಃ ಹೊರಗಿನ ಗಾಳಿಯ ಬಳಿಗೆ ಹೋಗುವುದು. ನಮ್ಮ ಅಡುಗೆಮನೆಯ ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಅದರ ಹಿಂಬದಿ ಬೆಚ್ಚಗಿರುವುದೇಕೆಂದರೆ ಒಳಗಿನ ತರಕಾರಿಯ ಉಷ್ಣವನ್ನು ಹೊತ್ತು ಹೊರಗೆ ಸುರಿಯುತ್ತಿರುವುದರಿಂದ.

ಇದು ನಿನ್ನೆ ಮೊನ್ನೆಯ ಕಲ್ಪನೆಯೆಂದು ಭಾವಿಸಬಾರದು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಉಷ್ಣಯಂತ್ರಗಳ ಮೂಲನಿಯಮವನ್ನು ಕಂಡನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ, ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ನನು 1852ರಲ್ಲಿಯೇ ಕಟ್ಟಡಗಳನ್ನು ಈ ರೀತಿಯಿಂದ ಬೆಚ್ಚಗೂ ತಂಪಾಗಿಯೂ ಇಡಬಹುದೆಂದು ಬರೆದನು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವು 1938ರಲ್ಲಿ ಪಕ್ಕದ ಲಿಮ್ಮತ್ ನದಿಯ ನೀರಿನಿಂದ ಉಷ್ಣವನ್ನು ಎತ್ತಿಕೊಂಡಿತು. ಇಂಗ್ಲೆಂಡಿನಲ್ಲಿಯೇ, ಯುದ್ಧಕಾಲದ ಅಭಾವದ ದಿನಗಳಲ್ಲಿ, ನಾರಿಚ್ ನಗರದ ವಿದ್ಯುತ್ ಎಂಜಿನಿಯರಾದ ಜಾನ್ ಸಮ್ನರ್ ಎಂಬವನು 1945ರಲ್ಲಿ ಹಳೆಯ ಭಾಗಗಳನ್ನು ಕೂಡಿಸಿ ವೆನ್ಸಮ್ ನದಿಯ ನೀರಿನಿಂದ ತನ್ನ ಇಲಾಖೆಯ ಕಟ್ಟಡವನ್ನು ಬೆಚ್ಚಗೆ ಮಾಡಿ, ಒಂದಕ್ಕೆ ಮೂರಕ್ಕಿಂತ ಹೆಚ್ಚು ಉಷ್ಣವನ್ನು ಪಡೆದನು. ಅನಿಲವೂ ಎಣ್ಣೆಯೂ ಸುಲಭವಾಗಿ ದೊರೆಯುತ್ತಿರಲು ಜನರು ಇದನ್ನು ಮರೆತರು, ಅಷ್ಟೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳು ಮರೆಯಲಿಲ್ಲ. 1973ರ ಎಣ್ಣೆಯ ಅಭಾವದಿಂದ ಎಚ್ಚರಗೊಂಡ ಆ ದೇಶಗಳಲ್ಲಿ, ಲೆಸ್ಟರಿಗಿಂತ ಎಷ್ಟೋ ಕ್ರೂರವಾದ ಚಳಿಯಲ್ಲಿಯೂ, ಈ ಏತಗಳು ಮನೆಮನೆಯ ಸಾಮಾನ್ಯ ಉಪಕರಣಗಳಾಗಿವೆ. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಇದನ್ನು ಹೊಂದಿವೆ. ಆದುದರಿಂದ ಚಳಿಯಲ್ಲಿ ಇದು ನಡೆಯದೆಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ನೆರೆಯವರ ಮಾತು ಪೂರ್ತಿ ಸುಳ್ಳೇ? ಅದೂ ಅಲ್ಲ. ಬಾವಿ ಆಳವಾದಷ್ಟೂ ಒಂದು ಕೊಡ ನೀರಿಗೆ ರಟ್ಟೆಯ ಶ್ರಮ ಹೆಚ್ಚು. ಇಲ್ಲಿ ಬಾವಿಯ ಆಳವೆಂದರೆ ಹೊರಗಿನ ಗಾಳಿಯ ಉಷ್ಣತೆಗೂ ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆಗೂ ಇರುವ ಅಂತರ. ಹೊರಗೆ ಶೂನ್ಯವಿದ್ದು ನೀರನ್ನು 35 ಡಿಗ್ರಿಗೆ ಏರಿಸುವುದಾದರೆ, ಕಾರ್ನೋವಿನ ನಿಯಮದಂತೆ ಒಂದಕ್ಕೆ ಹೆಚ್ಚೆಂದರೆ 8.8 ಪಾಲು ಉಷ್ಣ ಬರಬಹುದು. 55 ಡಿಗ್ರಿಗೆ ಏರಿಸುವುದಾದರೆ ಸುಮಾರು 6 ಮಾತ್ರ. ನಿಜವಾದ ಯಂತ್ರಗಳು ಇದರ ಅರ್ಧದ ಆಸುಪಾಸಿನಲ್ಲಿ ನಡೆಯುವುವು. ಅಂದರೆ ನಾಲ್ಕಕ್ಕಿಂತ ತುಸು ಹೆಚ್ಚು, ಅಥವಾ ಮೂರು. ಅನಿಲದ ಬಾಯ್ಲರು 70, 80 ಡಿಗ್ರಿಯ ನೀರನ್ನು ಹರಿಸಿ ಸಣ್ಣ ರೇಡಿಯೇಟರಿನಿಂದಲೂ ಕೋಣೆಯನ್ನು ಬೇಗ ಬಿಸಿಮಾಡುವುದು. ಏತವಾದರೋ ಹದವಾದ ನೀರನ್ನು ದೊಡ್ಡ ರೇಡಿಯೇಟರುಗಳಲ್ಲಿ ಎಡೆಬಿಡದೆ ಹರಿಸಿ ಕೆಲಸ ಮಾಡತಕ್ಕದ್ದು. ಹಳೆಯ ಸಣ್ಣ ರೇಡಿಯೇಟರುಗಳನ್ನೇ ಉಳಿಸಿ, ಸಂದುಗೊಂದುಗಳಲ್ಲಿ ಗಾಳಿ ನುಗ್ಗುವ ಮನೆಗೆ ಏತವನ್ನು ಜೋಡಿಸಿ, ಬಾಯ್ಲರಿನಂತೆ ಬೆಳಿಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ ನಡೆಸಿದರೆ, ಮನೆ ಉಗುರುಬೆಚ್ಚಗೆ ಉಳಿದು ಬಿಲ್ಲು ಮಾತ್ರ ಕುದಿಯುವುದು. ನೆರೆಯವರು ಕಂಡದ್ದು ಇಂಥ ಮನೆಯಾಗಿರಬೇಕು. ಅದು ತೂತುಗಡಿಗೆಗೆ ನೀರು ಸೇದಿದವನ ಕಥೆ, ತಪ್ಪು ರಾಟೆಯದಲ್ಲ.

ಇನ್ನು ಗೃಹಿಣಿಯ ಪ್ರಶ್ನೆ. ಸಂಸಾರದ ಲೆಕ್ಕ ಬಲ್ಲವರು ಕೇಳತಕ್ಕ ಪ್ರಶ್ನೆಯೇ ಅದು. 2025ರ ಜುಲೈಯಿಂದ ಸೆಪ್ಟೆಂಬರಿನವರೆಗೆ ಅಲ್ಲಿಯ ನಿಯಂತ್ರಣ ಮಂಡಲಿಯು ಗೊತ್ತುಮಾಡಿದ ಸರಾಸರಿ ಮಿತಿ ದರವು ವಿದ್ಯುತ್ತಿನ ಯೂನಿಟ್ಟಿಗೆ 25.73 ಪೆನ್ನಿ, ಅನಿಲದ ಯೂನಿಟ್ಟಿಗೆ 6.33 ಪೆನ್ನಿ, ನಾಲ್ಕರಷ್ಟು ವ್ಯತ್ಯಾಸ. ಒಂದು ಮನೆಗೆ ವರ್ಷಕ್ಕೆ 12,000 ಯೂನಿಟ್ ಉಷ್ಣ ಬೇಕೆಂದಿಟ್ಟುಕೊಳ್ಳಿರಿ. ತೊಂಬತ್ತು ಪಾಲಿನ ಬಾಯ್ಲರಿಗೆ 13,333 ಯೂನಿಟ್ ಅನಿಲ ಬೇಕು. ಅದಕ್ಕೆ 844 ಪೌಂಡು. ಅನಿಲದ ಸಂಪರ್ಕ ಇಟ್ಟುಕೊಂಡದ್ದಕ್ಕೇ ದಿನಕ್ಕೆ ಸುಮಾರು 30 ಪೆನ್ನಿಯಂತೆ ವರ್ಷಕ್ಕೆ 109 ಪೌಂಡು. ಒಟ್ಟು 953. ಏತವು ಒಂದಕ್ಕೆ ನಾಲ್ಕು ಕೊಟ್ಟರೆ 3,000 ಯೂನಿಟ್ ವಿದ್ಯುತ್ತು, 772 ಪೌಂಡು. ಮೂರು ಕೊಟ್ಟರೆ 4,000 ಯೂನಿಟ್, 1,029 ಪೌಂಡು. ಎರಡೂವರೆ ಮಾತ್ರ ಕೊಟ್ಟರೆ 1,235 ಪೌಂಡು. ಎಂದರೆ ಒಂದೇ ಯಂತ್ರ, ಒಂದೇ ದರ; ಚೆನ್ನಾಗಿ ಜೋಡಿಸಿದವನಿಗೆ ವರ್ಷಕ್ಕೆ 181 ಪೌಂಡು ಲಾಭ, ಕೆಟ್ಟದಾಗಿ ಜೋಡಿಸಿದವನಿಗೆ 282 ಪೌಂಡು ನಷ್ಟ. ಅನಿಲದ ಸಂಪರ್ಕವನ್ನು ಪೂರ್ತಿ ತೆಗೆಸಿದರೆ ಮಾತ್ರ ಆ 109 ಪೌಂಡು ಉಳಿಯುವುದೆಂಬುದನ್ನೂ ಮರೆಯಬಾರದು. ಅಡುಗೆಯ ಒಲೆಗೆಂದು ಅನಿಲವನ್ನು ಉಳಿಸಿಕೊಂಡರೆ ಉಳಿತಾಯವಿಲ್ಲ. ಈ ಲೆಕ್ಕ ನೋಡಿದರೆ ಮನೆಯಾಕೆಯ ಅನುಮಾನ ಸಕಾರಣವಾದದ್ದೇ. ಆದರೆ ಅದಕ್ಕೆ ಉತ್ತರವು ಯಂತ್ರದಲ್ಲಿಲ್ಲ, ಮನೆಯಲ್ಲಿದೆ.

ಯಂತ್ರದ ಬೆಲೆಯೂ ಉಂಟಷ್ಟೆ. ಏತಕ್ಕೆ ಬಾಯ್ಲರಿಗಿಂತ ಬಹಳ ಹೆಚ್ಚು ಹಣ ತಗಲುವುದು. ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಸರಕಾರದವರು 2022ರಲ್ಲಿ ಸಹಾಯಧನವನ್ನು ಆರಂಭಿಸಿ, 2023ರ ಅಕ್ಟೋಬರಿನಲ್ಲಿ ಅದನ್ನು 7,500 ಪೌಂಡುಗಳಿಗೆ ಏರಿಸಿದರು. ಕೆಲಸ ಒಪ್ಪಿಸುವ ಮೊದಲು ಆ ಹೊತ್ತಿನ ನಿಬಂಧನೆಗಳನ್ನು ವಿಚಾರಿಸಿಕೊಳ್ಳತಕ್ಕದ್ದು.

ಇಂದಿನ ದರವನ್ನು ಮಾತ್ರ ನೋಡಿ ಹದಿನೈದು ಇಪ್ಪತ್ತು ವರ್ಷದ ಸಾಮಾನನ್ನು ಕೊಳ್ಳುವುದೂ ದೂರದೃಷ್ಟಿಯಲ್ಲ. 2022ರಲ್ಲಿ ರಷ್ಯದವರು ಯುಕ್ರೇನಿನ ಮೇಲೆ ಯುದ್ಧ ಹೂಡಿದಾಗ ಅನಿಲದ ಬೆಲೆ ಹೇಗೆ ಗಗನಕ್ಕೇರಿತೆಂಬುದನ್ನು ಅಲ್ಲಿಯ ಗೃಹಸ್ಥರು ಇನ್ನೂ ಮರೆತಿರಲಾರರು. ವಿದ್ಯುತ್ತಿನ ಬೆಲೆಯೂ ಅದರೊಡನೆ ಏರಿದ್ದು ನಿಜ. ಏತಕ್ಕೆಂದರೆ ಆ ದೇಶದಲ್ಲಿ ಬಹಳ ಹೊತ್ತು ವಿದ್ಯುತ್ತಿನ ಬೆಲೆಯನ್ನು ಗೊತ್ತುಮಾಡುವುದು ಅನಿಲದಿಂದ ನಡೆಯುವ ವಿದ್ಯುದಾಗಾರಗಳೇ. ಆದರೆ ವಿದ್ಯುತ್ತನ್ನು ಗಾಳಿಯಿಂದಲೂ ಬಿಸಿಲಿನಿಂದಲೂ ತೆಗೆಯಬಹುದು; ಬಾಯ್ಲರಿಗೆ ಅನಿಲವಲ್ಲದೆ ಗತ್ಯಂತರವಿಲ್ಲ. ಮೇಲಾಗಿ ನಾವು ಹೇಳಿದ ಲೆಕ್ಕದ ಮನೆಯ ಬಾಯ್ಲರು ವರ್ಷಕ್ಕೆ ಸುಮಾರು 2.4 ಟನ್ ಇಂಗಾಲಾಮ್ಲವನ್ನು ಆಕಾಶಕ್ಕೆ ಬಿಡುವುದು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲ ವಿದ್ಯುದಾಗಾರವು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಹೀಗೆ ವಿದ್ಯುತ್ತು ಶುದ್ಧವಾದಷ್ಟೂ ಏತವೂ ತಾನಾಗಿ ಶುದ್ಧವಾಗುತ್ತ ಹೋಗುವುದು. ಬಾಯ್ಲರು ಕೊನೆಯ ದಿನದವರೆಗೂ ಹೊಗೆಯುಗುಳುತ್ತಲೇ ಇರುವುದು. ಮೊಮ್ಮಕ್ಕಳಿರುವ ಮನೆಯಲ್ಲಿ ಇದನ್ನೂ ಎಣಿಸಬೇಕು.

ಸಣ್ಣಪುಟ್ಟ ಶಂಕೆಗಳಿಗೆ ಸಂಕ್ಷೇಪವಾಗಿ ಉತ್ತರ ಹೇಳುತ್ತೇವೆ. ವಿದ್ಯುತ್ತು ನಿಂತರೆ ಏತವೂ ನಿಲ್ಲುವುದಲ್ಲವೇ ಎಂದರೆ, ಅನಿಲದ ಬಾಯ್ಲರಿನ ಪಂಪೂ ಪಂಖವೂ ವಿದ್ಯುತ್ತಿನಿಂದಲೇ ನಡೆಯುವುದರಿಂದ ಅದೂ ನಿಲ್ಲುವುದು. ಹೊರಗಿನ ಪೆಟ್ಟಿಗೆಯ ಶಬ್ದ ಮಿತವಾದುದು; ಆದರೂ ನೆರೆಯವರ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ ಇಡಿಸಬಾರದು. ತೇವವಾದ ಚಳಿಯಲ್ಲಿ ಅದರ ಮೇಲೆ ಹಿಮ ಕಟ್ಟುವುದು, ಯಂತ್ರವು ಆಗಾಗ ಅದನ್ನು ತಾನೇ ಕರಗಿಸುವಾಗ ಆವಿಯೇಳುವುದು, ಬೆಂಕಿಯೆಂದು ಗಾಬರಿಯಾಗಬೇಕಾಗಿಲ್ಲ. ಸ್ನಾನದ ಬಿಸಿನೀರಿಗೆ ಒಂದು ತೊಟ್ಟಿಯನ್ನು ಒಳಗೆ ಇಡಬೇಕಾದ್ದರಿಂದ ಅದಕ್ಕೆ ಸ್ಥಳ ನೋಡಿಕೊಳ್ಳಬೇಕು.

ಇನ್ನು ಶಿಷ್ಯರು ಮಾಡತಕ್ಕ ಕಾರ್ಯವನ್ನು ಹೇಳುತ್ತೇವೆ. ಮೊದಲನೆಯದಾಗಿ, ಒಂದು ಪೆನ್ನಿ ಖರ್ಚಿಲ್ಲದ ಪರೀಕ್ಷೆ. ಈಗಿರುವ ಬಾಯ್ಲರಿನಲ್ಲಿಯೇ, ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆಯನ್ನು 50 ಡಿಗ್ರಿಗೆ ಇಳಿಸಿ, ಹೊರಗೆ ಹಿಮಗಟ್ಟುವ ಒಂದು ವಾರ ಎಡೆಬಿಡದೆ ನಡೆಸಿ ನೋಡಲಿ. ಬಿಸಿನೀರಿನ ತೊಟ್ಟಿಯಿದ್ದರೆ ಅದನ್ನು ಮಾತ್ರ 60 ಡಿಗ್ರಿಯಲ್ಲಿಯೇ ಉಳಿಸಬೇಕು. ಹದಬಿಸಿಯ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುವುವು. ತಾಯಿಯ ಕೋಣೆಯಲ್ಲಿ ಒಂದು ಉಷ್ಣಮಾಪಕವನ್ನು ತೂಗುಹಾಕಿ ಬೆಳಿಗ್ಗೆ ಸಂಜೆ ಬರೆದಿಡಲಿ. ಕೋಣೆ ಬೆಚ್ಚಗುಳಿದರೆ ಮನೆ ಏತಕ್ಕೆ ಸಿದ್ಧವಾಗಿದೆ. ಯಾವುದಾದರೂ ಕೋಣೆ ತಣ್ಣಗಾದರೆ, ಅಲ್ಲಿ ರೇಡಿಯೇಟರು ಸಾಲದು ಅಥವಾ ಗೋಡೆ ಸೋರುತ್ತಿದೆ ಎಂದು ತಿಳಿಯಬೇಕು.

ಎರಡನೆಯದಾಗಿ, ಮಾಡಿನ ಕೆಳಗೆ ಉಷ್ಣರೋಧಕ ಹಾಸನ್ನು ಹಾಸಿಸಿ, ಬಾಗಿಲು ಕಿಟಕಿಗಳ ಸಂದುಗಳನ್ನು ಮುಚ್ಚಿಸಲಿ. ಈ ಖರ್ಚು ಯಾವ ಯಂತ್ರವನ್ನು ಹಾಕಿಸಿದರೂ ವ್ಯರ್ಥವಾಗದು. ಮೂರನೆಯದಾಗಿ, ಬಂದ ಕಂಟ್ರಾಕ್ಟರನು ಕೋಣೆ ಕೋಣೆಗೂ ಉಷ್ಣನಷ್ಟದ ಲೆಕ್ಕವನ್ನು ಬರೆದುಕೊಡುವನೋ ಎಂದು ಕೇಳಲಿ. ಬಾಗಿಲಲ್ಲಿ ನಿಂತು ಕಣ್ಣಳತೆಯಲ್ಲಿ ಯಂತ್ರದ ಗಾತ್ರ ಹೇಳುವವನಿಗೆ ನಮಸ್ಕಾರ ಹೇಳಿ ಕಳುಹಿಸಲಿ. ಒಂದಕ್ಕೆ ಮೂರೂವರೆಗೆ ಕಡಮೆಯಾಗದಂತೆ ವರ್ಷದ ಸರಾಸರಿ ಬರುವುದೆಂದು ಲೆಕ್ಕಸಹಿತ ತೋರಿಸುವವನಿಗೆ ಕೆಲಸವನ್ನು ಒಪ್ಪಿಸಬಹುದು. ನಾಲ್ಕನೆಯದಾಗಿ, ಇದೆಲ್ಲವೂ ಹಳೆಯ ಬಾಯ್ಲರು ಇನ್ನೂ ಉಸಿರಾಡುತ್ತಿರುವಾಗಲೇ ಆಗಬೇಕು. ಜನವರಿಯ ರಾತ್ರಿ ಅದು ನಿಂತುಹೋದ ಮೇಲೆ ವಿಚಾರಕ್ಕೆ ಅವಕಾಶವೆಲ್ಲಿ? ಮರುದಿನವೇ ಸಿಕ್ಕುವ ಮತ್ತೊಂದು ಬಾಯ್ಲರಿಗೆ ಕೊರಳೊಡ್ಡಬೇಕಾಗುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ಚಳಿದೇಶಕ್ಕೂ ಸಲ್ಲುವುದು.

ಇದರಲ್ಲಿ ನಮಗೇನು ಎಂದು ಇಲ್ಲಿಯ ವಾಚಕರು ಕೇಳಬಹುದು. ನಮ್ಮ ಮನೆಗಳನ್ನು ಕಾಯಿಸಬೇಕಾಗಿಲ್ಲ. ಸ್ನಾನದ ನೀರನ್ನು ಕಾಯಿಸಲೇಬೇಕು. ಹೊಗೆನಳಿಗೆಯಿಲ್ಲದ ಅನಿಲದ ಗೀಸರನ್ನು ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಉರಿಸಿ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿನಿಂದ ಪ್ರಾಣ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿಯೂ ಉಂಟು. ಅಂಥ ಗೀಸರನ್ನು ಬಚ್ಚಲಿನೊಳಗೆ ಇಡಲೇ ಕೂಡದು, ಹೊರಗೆ ಗಾಳಿಯಾಡುವೆಡೆಯಲ್ಲಿಡಬೇಕು. ಬಾಯ್ಲರಿರುವ ವಿಲಾಯತಿಯ ಮನೆಯಲ್ಲಿಯೂ ಈ ವಾಯುವನ್ನು ಸಾರಿ ಹೇಳುವ ಎಚ್ಚರಿಕೆಯ ಗಂಟೆಯಿರಬೇಕು.

ಕಡೆಯದಾಗಿ ನಮ್ಮ ತೀರ್ಪು. ಪರೀಕ್ಷೆಯಲ್ಲಿ ಮನೆ ಗೆದ್ದರೆ ಸಂಕೋಚವಿಲ್ಲದೆ ಏತವನ್ನು ಹಾಕಿಸಲಿ. ಸೋತರೆ ಹಣವನ್ನು ಮೊದಲು ಮನೆಗೆ ಹಾಕಿ, ಹಳೆಯ ಬಾಯ್ಲರನ್ನು ರಿಪೇರಿ ಮಾಡಿಸಿ ಒಂದು ಚಳಿಗಾಲ ತಳ್ಳಿ, ಆಮೇಲೆ ಹಾಕಿಸಲಿ. ಯಂತ್ರವನ್ನು ಆರಿಸುವ ಮುನ್ನ ಮನೆಯನ್ನು ಅರಿಯಬೇಕು. ಲೆಕ್ಕದ ಪುಸ್ತಕವನ್ನು ಮನೆಯಾಕೆಯ ಕೈಯಲ್ಲಿಯೇ ಕೊಡಲಿ. ಕೇಳಿದ ಪ್ರಶ್ನೆ ಅವರದು, ಉತ್ತರವನ್ನು ತಾಳೆ ನೋಡುವ ಅಧಿಕಾರವೂ ಅವರದೇ. ಉಷ್ಣಮಾಪಕವನ್ನು ಓದುವ ಕೆಲಸವನ್ನು ತಾಯಿಯವರಿಗೆ ವಹಿಸಲಿ. ಕೋಣೆ ಬೆಚ್ಚಗಿದೆಯೇ ಇಲ್ಲವೇ ಎಂಬ ವಿಷಯದಲ್ಲಿ ಅವರ ಮಾತೇ ಪ್ರಮಾಣ.